ಏಂಜಲ್ಸ್ ಲ್ಯಾಂಡಿಂಗ್: ಕೊನೆಯ ಅರ್ಧ ಮೈಲಿ

ಪುಣೆಗೆ ಬಂದ ಮೇಲೆ ಶನಿವಾರಕ್ಕೊಂದು ಕೋಟೆ ಹತ್ತುವ ಚಟ ನನಗೂ ಅಂಟಿತು. ರಾಜಗಡ, ತೋರಣಾ ಎಲ್ಲವೂ ಕಪ್ಪು ಬಸಾಲ್ಟ್. ಬಾದಾಮಿ ಸೀಮೆಯಲ್ಲಿ ಬೆಳೆದ ನನಗೆ ಕೆಂಪು ಮರಳುಗಲ್ಲು ಕಂಡರೇನೇ ಬೆಟ್ಟ ಕಂಡಂತೆ. ಕಂಪನಿ ಕೆಲಸಕ್ಕೆಂದು ಅಮೆರಿಕದ ಲಾಸ್ ವೇಗಸ್‌ಗೆ ಹೋದಾಗ, ಮೂರು ತಾಸಿನ ದಾರಿಯಲ್ಲಿ ಅಂಥದೇ ಕಲ್ಲಿನ ಶಿಖರವಿದೆ ಎಂದು ತಿಳಿದು ಸುಮ್ಮನಿರಲಾಗಲಿಲ್ಲ.

ಯೂಟಾ ರಾಜ್ಯದ ಜಯಾನ್ ರಾಷ್ಟ್ರೀಯ ಉದ್ಯಾನದ ಆ ಶಿಖರವೇ ಏಂಜಲ್ಸ್ ಲ್ಯಾಂಡಿಂಗ್. ವರ್ಜಿನ್ ನದಿ ಕೊರೆದ ಕಣಿವೆಯಿಂದ ಸುಮಾರು 1,500 ಅಡಿ ಎತ್ತರಕ್ಕೆ ಎದ್ದು ನಿಂತಿದೆ. ಇದರ ಮೇಲೆ ದೇವದೂತರಷ್ಟೇ ಇಳಿದಾರು ಎಂದು 1916ರಲ್ಲಿ ಫ್ರೆಡರಿಕ್ ಫಿಶರ್ ಎಂಬ ಪಾದ್ರಿ ಉದ್ಗರಿಸಿದ್ದೇ ಹೆಸರಾಯಿತು. ಹತ್ತೇ ವರ್ಷದಲ್ಲಿ, 1926ರಲ್ಲಿ, ಮನುಷ್ಯರಿಗೂ ದಾರಿ ಕಡಿದರು.

ಬಂಡೆಯ ಮೈಮೇಲಿನ ಓರೆ ಗೆರೆಗಳನ್ನು ನೋಡಬೇಕು. ಜುರಾಸಿಕ್ ಯುಗದ ಮರುಭೂಮಿಯಲ್ಲಿ ಗಾಳಿ ಒಟ್ಟಿದ ಮರಳ ದಿಬ್ಬಗಳೇ ಹೀಗೆ ಕಲ್ಲಾಗಿವೆ. ಕೆಂಪು ಬಣ್ಣ ಕಬ್ಬಿಣದ ಅಂಶದ್ದು. ನಮ್ಮ ಬಾದಾಮಿಯ ಕಲ್ಲು ಇದಕ್ಕಿಂತ ಎಷ್ಟೋ ಹಳೆಯದು.

ಧಾರವಾಡದ ಸಹೋದ್ಯೋಗಿಯೊಬ್ಬರು ಜೊತೆಗಿದ್ದರು. ಬಂಡೆಯಲ್ಲಿ ಕಟ್ಟಿದ 21 ತಿರುವುಗಳ ‘ವಾಲ್ಟರ್ಸ್ ವಿಗಲ್ಸ್’ ದಾಟಿ, ಸ್ಕೌಟ್ ಲುಕೌಟ್ ತಲುಪುವವರೆಗೆ ಹರಟೆ ನಡೆದೇ ಇತ್ತು. ಅಲ್ಲಿಂದ ತುದಿಗೆ ಅರ್ಧ ಮೈಲಿ. ಕಿರಿದಾದ ಏಣು, ಎರಡೂ ಕಡೆ ಪ್ರಪಾತ, ಆಸರೆಗೆ ಬಂಡೆಗೆ ಬಿಗಿದ ಸರಪಳಿ. ಒಮ್ಮೆ ಇಣುಕಿದವರೇ ಅವರು ಕಲ್ಲಿನ ಮೇಲೆ ಕೂತುಬಿಟ್ಟರು. ‘ನೀವು ಹೋಗಿ ಬರ್‍ರಿ, ನಾ ಇಲ್ಲೇ ಕುಂದರ್ತೀನಿ’ ಎಂದರು.

ನಾನು ಸರಪಳಿ ಹಿಡಿದು ಹೊರಟೆ. ಅರ್ಧ ದಾರಿ ಸವೆಸಿರಬಹುದು, ಪಶ್ಚಿಮದಲ್ಲಿ ಮೋಡ ಕಟ್ಟಿತು. ದೂರದಲ್ಲೊಂದು ಗುಡುಗು. ತೋಯ್ದರೆ ಈ ಕಲ್ಲು ಜಾರುತ್ತದೆ. ಬಯಲು ಏಣಿನ ಮೇಲೆ ಕಬ್ಬಿಣ ಹಿಡಿದು ನಿಂತವನಿಗೆ ಸಿಡಿಲಿನ ಭಯ ಬೇರೆ. ತುದಿ ಕಣ್ಣೆದುರೇ ಇತ್ತು. ಮತ್ತೆ ಯಾವಾಗ ಬರುತ್ತೇನೋ ಎಂಬ ಆಸೆ ಮುಂದಕ್ಕೆ ಎಳೆಯಿತು. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ ಎಂಬ ನೆನಪು ಹಿಂದಕ್ಕೆ ಎಳೆಯಿತು. ತಿರುಗಿದೆ. ಸ್ಕೌಟ್ ಲುಕೌಟ್ ಮುಟ್ಟುವಷ್ಟರಲ್ಲಿ ದಪ್ಪ ಹನಿಗಳು ಬೀಳತೊಡಗಿದ್ದವು. ತುದಿ ಮುಟ್ಟಿದಿರಾ ಎಂದು ಅವರು ಕೇಳಲಿಲ್ಲ. ನೀರಿನ ಬಾಟಲಿ ಕೈಗಿಟ್ಟು, ‘ಬಂದ್ರಲ್ಲ, ಸಾಕು’ ಎಂದರಷ್ಟೇ.

ನೀವೂ ಆ ಕಡೆ ಹೋಗುವುದಿದ್ದರೆ ನೆನಪಿಡಿ: 2022ರ ಏಪ್ರಿಲ್‌ನಿಂದ ಸರಪಳಿ ದಾರಿಗೆ ಪರವಾನಗಿ ಕಡ್ಡಾಯ. ಆನ್‌ಲೈನ್ ಲಾಟರಿಯಲ್ಲಿ ತಿಂಗಳುಗಳ ಮುಂಚೆ ಅಥವಾ ಹಿಂದಿನ ದಿನ ಅರ್ಜಿ ಹಾಕಬಹುದು. ಸ್ಕೌಟ್ ಲುಕೌಟ್‌ವರೆಗೆ ಅದು ಬೇಡ. ಬೇಸಿಗೆಯ ಕೊನೆಗೆ ಮಧ್ಯಾಹ್ನದ ಗುಡುಗುಮಳೆ ಅಲ್ಲಿ ಮಾಮೂಲು. ಬೆಳಿಗ್ಗೆಯೇ ಹತ್ತಿ ಇಳಿಯಿರಿ. ಪರವಾನಗಿ ಕೈಯಲ್ಲಿದ್ದರೂ ಮೋಡ ಕಂಡರೆ ಹಿಂದಿರುಗಿ. ಆ ಮರಳುಗಲ್ಲು ಕೋಟಿಗಟ್ಟಲೆ ವರ್ಷ ನಿಂತಿದೆ, ನಮಗಾಗಿ ಇನ್ನೊಂದು ವರ್ಷ ಕಾಯುವುದು ಅದಕ್ಕೇನೂ ದೊಡ್ಡದಲ್ಲ.