ಸೀಳು ನಾಲಗೆಯೇ ದಿಕ್ಸೂಚಿ!

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹರಿಯುವ ಕಾಲುವೆ ನೀರು ಸುರಪುರ, ಶಹಾಪುರದ ಎರೆ ಹೊಲಗಳನ್ನು ಗದ್ದೆ ಮಾಡಿದೆ. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು! ಬದುವಿನ ಬಿಲ ಹೊಕ್ಕ ಇಲಿ ಕಣ್ಣಿಗೆ ಕಾಣದು. ಆದರೂ ಕೇರೆ ಹಾವು ಆ ಬಿಲದ ಬಾಯಿಗೇ ಬಂದು ನಿಲ್ಲುತ್ತದೆ. ದಾರಿ ತೋರಿದವರಾರು?

ನಾಲಗೆ! ಚುರುಕ್ ಎಂದು ಹೊರಬಂದು, ಗಾಳಿಯಲ್ಲಿ ಮೇಲೆ ಕೆಳಗೆ ಆಡಿ, ಕ್ಷಣದಲ್ಲಿ ಮಾಯವಾಗುವ ಆ ಕವಲು ನಾಲಗೆ. ಮೂತಿಯ ತುದಿಯಲ್ಲೊಂದು ಸಣ್ಣ ಸಂದು ಇರುವುದರಿಂದ ಅದನ್ನು ಹೊರಹಾಕಲು ಹಾವು ಬಾಯಿಯನ್ನೂ ತೆರೆಯಬೇಕಿಲ್ಲ! ನಾವು ಸಿಟ್ಟೆಂದುಕೊಳ್ಳುತ್ತೇವೆ, ಅದು ಮೂಸುತ್ತಿದೆ. ಮೂಗಿನ ಹೊಳ್ಳೆಗಳೂ ವಾಸನೆ ಹಿಡಿಯುತ್ತವೆ, ನಿಜ. ಆದರೆ ನೆಲದಲ್ಲಿ, ಗಾಳಿಯಲ್ಲಿ ಉಳಿದ ಸೂಕ್ಷ್ಮ ಕಣಗಳನ್ನು ಹೆಕ್ಕಿ ತರುವುದು ನಾಲಗೆಯೇ. ಬಾಯೊಳಗೆ ಅಂಗುಳಿನಲ್ಲಿ ಎರಡು ಪುಟ್ಟ ರಂಧ್ರಗಳು. ಅವುಗಳ ಮೇಲೆ ಜೇಕಬ್ಸನ್ ಅಂಗ. ಡೆನ್ಮಾರ್ಕಿನ ಲುಡ್ವಿಗ್ ಜೇಕಬ್ಸನ್ 1813ರಲ್ಲಿ ಸಸ್ತನಿಗಳಲ್ಲಿ ವಿವರಿಸಿದ ಅಂಗವಿದು. ಹಾವಿನಲ್ಲಿ ಅದು ಪರಾಕಾಷ್ಠೆ ಮುಟ್ಟಿದೆ! ನಾಲಗೆ ತಂದ ಸುದ್ದಿ ಅಲ್ಲಿಂದ ನರಗಳ ಹಾದಿಯಲ್ಲಿ ಮಿದುಳು ಸೇರುತ್ತದೆ.

ಸರಿ, ಆ ನಾಲಗೆ ಸೀಳಿರುವುದೇಕೆ? ಗರುಡ ಅಮೃತದ ಕಲಶ ಇಟ್ಟಿದ್ದ ದರ್ಭೆಯನ್ನು ನಾಗಗಳು ನೆಕ್ಕಿ ನಾಲಗೆ ಸೀಳಿಸಿಕೊಂಡವು ಎನ್ನುತ್ತದೆ ಮಹಾಭಾರತ. ಇಮ್ಮಡಿ ರುಚಿಗಾಗಿ ಎಂದ ಅರಿಸ್ಟಾಟಲ್. ಅಮೆರಿಕದ ಕರ್ಟ್ ಶ್ವೆಂಕ್ 1994ರಲ್ಲಿ ಕೊಟ್ಟ ಉತ್ತರ ಬೆರಗು ಹುಟ್ಟಿಸುತ್ತದೆ: ದಿಕ್ಕು ಹಿಡಿಯಲು! ಸದ್ದು ಎಡಗಿವಿಗೆ ಜೋರಾಗಿ ಬಿದ್ದರೆ ಎಡಕ್ಕೆ ತಿರುಗುತ್ತೇವಲ್ಲ, ಹಾಗೆಯೇ ಎಡ ಕವಲಿಗೆ ವಾಸನೆ ಹೆಚ್ಚು ಸಿಕ್ಕರೆ ಹಾವೂ ಎಡಕ್ಕೆ ಹೊರಳುತ್ತದೆ. ಕವಲುಗಳು ದೂರ ಚಾಚಿದಷ್ಟೂ ವ್ಯತ್ಯಾಸ ಸ್ಪಷ್ಟ. ಇಲಿಯ ಜಾಡಾಗಲಿ, ಹೆಣ್ಣು ಹಾವಿನ ಜಾಡಾಗಲಿ, ಅಂಚು ತಪ್ಪಿದೊಡನೆ ಗೊತ್ತಾಗುತ್ತದೆ!

ಇನ್ನೂ ಇದೆ ಸೋಜಿಗ! ಕೊಳಕುಮಂಡಲದ ದೂರದ ನೆಂಟ, ಅಮೆರಿಕದ ರ‍್ಯಾಟಲ್‌ಸ್ನೇಕ್, ಇಲಿಗೆ ಕಚ್ಚಿ ಬಿಟ್ಟುಬಿಡುತ್ತದೆ. ಹಿಡಿದುಕೊಂಡರೆ ಇಲಿಯ ಹಲ್ಲು ತನಗೇ ತಾಗೀತು. ವಿಷವೇರಿದ ಇಲಿ ಓಡಿ ಎಲ್ಲೋ ಬಿದ್ದು ಸಾಯುತ್ತದೆ. ಹಾವು ಆಮೇಲೆ ನಿಧಾನವಾಗಿ, ನಾಲಗೆ ಆಡಿಸುತ್ತ ಹೊರಡುತ್ತದೆ. ಬೇರೆ ಇಲಿಗಳ ಜಾಡು ಅಡ್ಡ ಬಂದರೆ? ತಬ್ಬಿಬ್ಬಾಗುವುದಿಲ್ಲ! ವಿಷದಲ್ಲಿರುವ ಒಂದು ಬಗೆಯ ಪ್ರೋಟೀನು ಕಚ್ಚಿದ ಇಲಿಯ ವಾಸನೆಯನ್ನೇ ಬದಲಿಸಿ ಗುರುತು ಹಾಕಿರುತ್ತದೆ ಎಂದು 2013ರ ಅಧ್ಯಯನವೊಂದು ತೋರಿಸಿತು. ಕೊಲ್ಲುವುದೂ ವಿಷವೇ, ವಿಳಾಸ ಹೇಳುವುದೂ ವಿಷವೇ!

ನೆಲ ಮೂಸುವುದು ಹಾವೊಂದೇ ಅಲ್ಲ. ಸುರಪುರ, ಶಹಾಪುರಗಳಿರುವ ಇದೇ ಯಾದಗಿರಿ ಜಿಲ್ಲೆಯ ಕಂದಕೂರಿಗೆ ಬನ್ನಿ. ನಾಗರ ಪಂಚಮಿಯ ದಿನ ಊರಿಗೆ ಊರೇ ಕೊಂಡಮ್ಮಾಯಿ ಬೆಟ್ಟ ಹತ್ತಿ, ಕಲ್ಲೆತ್ತಿ ಚೇಳು ಹುಡುಕುತ್ತದೆ. ಮಕ್ಕಳೂ ಅಂಗೈ ಮೇಲೆ ಚೇಳು ಬಿಟ್ಟುಕೊಳ್ಳುತ್ತಾರೆ. ಅಂದು ಅದು ಕುಟುಕದು ಎಂಬ ನಂಬಿಕೆ. ಎಲ್ಲರ ಕಣ್ಣೂ ಕೊಂಡಿಯ ಮೇಲೆ. ಆದರೆ ಅಚ್ಚರಿ ಇರುವುದು ಹೊಟ್ಟೆಯಡಿ! ಅಲ್ಲಿ ಹಲ್ಲುಹಲ್ಲಾದ ಒಂದು ಜೊತೆ ಬಾಚಣಿಗೆಗಳಿವೆ. ನಡೆಯುವಾಗ ಚೇಳು ಅವುಗಳಿಂದ ನೆಲ ಸವರಿ ವಾಸನೆ ಹಿಡಿಯುತ್ತದೆ. ಹೆಣ್ಣಿನ ಜಾಡು ಅರಸುವ ಗಂಡಿಗೆ ಬಾಚಣಿಗೆ ಇನ್ನೂ ದೊಡ್ಡದು! ಹಾವಿಗೆ ನಾಲಗೆ, ಚೇಳಿಗೆ ಹೊಟ್ಟೆ. ಎರಡಕ್ಕೂ ನೆಲವೇ ಸುದ್ದಿಪತ್ರಿಕೆ.

ಪಂಚಮಿಗೆ ಹಾಲೆರೆಯಲು ಹೋದಾಗ ಹುತ್ತದ ಬಾಯಲ್ಲಿ ನಾಲಗೆ ಮಿಂಚಿದರೆ ನಾಲ್ಕು ಹೆಜ್ಜೆ ದೂರ ಸರಿಯಿರಿ. ಹಾಲು ಹಾವಿನ ಆಹಾರವಲ್ಲ. ಆ ಎರಡು ಕವಲುಗಳು ಹೆಕ್ಕುತ್ತಿರುವುದು ನಿಮ್ಮದೇ ವಾಸನೆಯನ್ನು!