ಸಾಲದ ಮನೆಯಲ್ಲೊಂದು ಪರಿಮಾಣ ವ್ರತ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಪಾಲಿಸುವುದು ತಿಂಗಳ ಸಂಬಳದವರಿಗೆ ತಕ್ಕಮಟ್ಟಿಗೆ ಸುಲಭ. ಅವರ ಹಾಸಿಗೆಯ ಅಳತೆ ಪ್ರತಿ ತಿಂಗಳೂ ಒಂದೇ. ಸ್ವಂತ ಉದ್ಯೋಗದಿಂದ ಬದುಕುವವರ ಪಾಡು ಬೇರೆ. ಅವರ ಹಾಸಿಗೆ ವೈಶಾಖದಲ್ಲಿ ಉದ್ದವಾಗುತ್ತದೆ, ಆಷಾಢದಲ್ಲಿ ಮೊಳದಷ್ಟಕ್ಕೆ ಕುಗ್ಗುತ್ತದೆ. ಉದ್ದವಾದಾಗ ಚಾಚಿದ ಕಾಲನ್ನು ಕುಗ್ಗಿದಾಗ ಮಡಚಿಕೊಳ್ಳುವುದು ಯಾರಿಗೂ ಸುಲಭವಲ್ಲ. ಸಾಲವು ಇಂಥ ಮನೆಗಳ ಹೊಸ್ತಿಲು ದಾಟುವುದು ಬಹುಮಟ್ಟಿಗೆ ಈ ಅಂತರದಲ್ಲಿಯೇ.

ಹುಬ್ಬಳ್ಳಿಯಲ್ಲಿ ಸಣ್ಣದೊಂದು ಮುದ್ರಣಾಲಯ ನಡೆಸುವ ಜೈನ ಗೃಹಸ್ಥರೊಬ್ಬರ ಮನೆಯಲ್ಲಿ ನಡೆದದ್ದೂ ಇದೇ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರಗಳೇ ಅವರ ಕಸುಬು. ಯಂತ್ರದ ಕಂತು, ಕಾಗದ, ಶಾಯಿ, ಆಳಿನ ಸಂಬಳಗಳನ್ನು ಕಳೆದು ಮದುವೆಯ ಐದು ತಿಂಗಳುಗಳಲ್ಲಿ ತಿಂಗಳಿಗೆ ಸುಮಾರು 55 ಸಾವಿರ ರೂಪಾಯಿ ಕೈಗೆ ಬರುತ್ತಿತ್ತು. ಮತ್ತೆ ನಾಲ್ಕು ತಿಂಗಳು 30 ಸಾವಿರ. ಆಷಾಢ, ಪಿತೃಪಕ್ಷ ಮುಂತಾಗಿ ಶುಭಕಾರ್ಯಗಳು ನಿಲ್ಲುವ ಮೂರು ತಿಂಗಳು ಕೇವಲ 18 ಸಾವಿರ. ವರ್ಷದ ಮೊತ್ತ 4,49,000. ಮನೆಯ ಖರ್ಚಾದರೋ ಹೆಚ್ಚು ಗಳಿಕೆಯ ದಿನಗಳಲ್ಲಿ ರೂಢಿಯಾದದ್ದು: ತಿಂಗಳಿಗೆ 38 ಸಾವಿರ, ವರ್ಷಕ್ಕೆ 4,56,000. ಕೊರತೆ ಏಳು ಸಾವಿರ ಮಾತ್ರ. ಆ ಸಣ್ಣ ಕೊರತೆಯನ್ನು ಕೈಗಡ ತುಂಬಿತು, ಕೈಗಡದ ಹೊತ್ತಿಗೆ ಕ್ರೆಡಿಟ್ ಕಾರ್ಡ್ ಬಂತು, ಅದರ ಬಡ್ಡಿಗೆ ತಾಯಿಯ ಬಳೆಗಳು ಅಡವಿಗೆ ಹೋದವು. ಕೆಲವೇ ವರ್ಷಗಳಲ್ಲಿ ಯಂತ್ರದ ಸಾಲವನ್ನು ಬಿಟ್ಟು ಉಳಿದ ಋಣವೇ 2,90,000 ರೂಪಾಯಿ ಆಗಿತ್ತು: ಚಿನ್ನದ ಮೇಲಿನದು 1,20,000, ಕಾರ್ಡಿನದು 70,000, ಕಾಗದದ ವ್ಯಾಪಾರಿಯ ಉದ್ರಿ 60,000, ಪತ್ನಿಯ ಅಣ್ಣ ಕೊಟ್ಟ ಕೈಗಡ 40,000.

ಹಣದ ಲೆಕ್ಕಕ್ಕಿಂತ ಮನಸ್ಸಿನ ಲೆಕ್ಕ ದೊಡ್ಡದಾಗಿತ್ತು. ಕಾಗದದ ಅಂಗಡಿಯಿರುವ ಓಣಿಯನ್ನು ತಪ್ಪಿಸಿ ಅವರು ಸುತ್ತು ದಾರಿಯಲ್ಲಿ ಹೋಗತೊಡಗಿದ್ದರು. ಫೋನ್ ಬಂದರೆ ಹೆಸರು ನೋಡಿ ಬದಿಗಿಡುತ್ತಿದ್ದರು. ಬಸದಿಯಲ್ಲಿ ಪರಿಚಿತರು ಎದುರಾದರೆ ಬೇಗನೆ ಕೈಮುಗಿದು ಹೊರಡುತ್ತಿದ್ದರು. ಎರಡು ಸಲ ಖರ್ಚು ತಗ್ಗಿಸಲು ಪ್ರಯತ್ನಿಸಿದ್ದರು. ಒಂದು ದಿನ ಸಿಡುಕಿ ಟಿ.ವಿ. ಸಂಪರ್ಕ ಕಡಿಸಿದರು, ಮತ್ತೊಂದು ದಿನ ಮಗಳು ಕೇಳಿದ ಪುಸ್ತಕಕ್ಕೆ ಇಲ್ಲವೆಂದರು. ಮನೆಯಲ್ಲಿ ಮಾತು ಬೆಳೆಯಿತು, ಕಣ್ಣೀರು ಬಂತು, ತಿಂಗಳು ತುಂಬುವುದರೊಳಗೆ ಎಲ್ಲವೂ ಮೊದಲಿನಂತಾಯಿತು. ಆಗ ವೃದ್ಧ ತಾಯಿ ಮಗನಿಗೆ ಹೇಳಿದ ಮಾತು ಒಂದೇ: “ತಮ್ಮಾ, ಉಪಾಸ ಮಾಡೂದು ಬ್ಯಾರೆ, ಉಪಾಸ ಬೀಳೂದು ಬ್ಯಾರೆ.”

ಶ್ರಾವಕ ಧರ್ಮದ ಸಾರ ಈ ಮಾತಿನಲ್ಲಿದೆ. ಎರಡರಲ್ಲಿಯೂ ಹೊಟ್ಟೆ ಬರಿದೇ. ಆದರೆ ಒಂದರಲ್ಲಿ ಸಂಕಲ್ಪವಿದೆ, ಅವಧಿಯಿದೆ, ಪಾರಣೆಯ ದಿನವಿದೆ. ಇನ್ನೊಂದರಲ್ಲಿ ದೈನ್ಯ ಮಾತ್ರ ಇದೆ. ಖರ್ಚಿನ ಕಡಿತವೂ ಹೀಗೆಯೇ. ಹೊರಗಿನಿಂದ ಹೇರಿದ್ದು ಕೊರತೆಯಾಗುತ್ತದೆ, ಒಳಗಿನಿಂದ ಒಪ್ಪಿದ್ದು ವ್ರತವಾಗುತ್ತದೆ.

ಗೃಹಸ್ಥನಿಗೆ ಜಿನಾಗಮವು ಸರ್ವಸಂಗ ಪರಿತ್ಯಾಗವನ್ನು ವಿಧಿಸಿಲ್ಲ. ಅದು ಮುನಿಗಳ ಮಹಾವ್ರತ. ಶ್ರಾವಕನಿಗೆ ಹೇಳಿರುವುದು ಪರಿಮಾಣ, ಅಂದರೆ ಅಳತೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹವೆಂಬ ಅಣುವ್ರತಕ್ಕೆ ಇಚ್ಛಾಪರಿಮಾಣ ಎಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಧನಧಾನ್ಯಗಳಿಗೆ ಮೇರೆ ಹಾಕಿದರೆ ಸಾಲದು, ಆ ಮೇರೆಯಾಚೆಯದನ್ನು ಬಯಸದಿರಬೇಕು ಎಂಬುದು ಅದರ ತಾತ್ಪರ್ಯ. ಅವರೇ ಭೋಗೋಪಭೋಗ ಪರಿಮಾಣವನ್ನು ಗುಣವ್ರತಗಳಲ್ಲಿ ಎಣಿಸಿ, ಒಮ್ಮೆ ಬಳಸಿ ಮುಗಿಯುವ ಆಹಾರದಂಥದ್ದನ್ನು ಭೋಗವೆಂದೂ, ಮತ್ತೆ ಮತ್ತೆ ಬಳಸುವ ವಸ್ತ್ರದಂಥದ್ದನ್ನು ಉಪಭೋಗವೆಂದೂ ವಿಂಗಡಿಸಿದ್ದಾರೆ. ಜೀವನಪರ್ಯಂತದ ತ್ಯಾಗ ಯಮ, ಅವಧಿಯುಳ್ಳ ತ್ಯಾಗ ನಿಯಮ. ನಿಯಮದ ಅವಧಿಯೂ ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಆರು ತಿಂಗಳ ಒಂದು ಅಯನ ಎಂದು ಶಕ್ತಿಗೆ ತಕ್ಕಂತೆ ಇರಬಹುದು. ಸಂಸಾರಿಯ ದುರ್ಬಲತೆಯನ್ನು ಬಲ್ಲವರು ಮಾಡಿದ ವ್ಯವಸ್ಥೆ ಇದು. ಜನ್ಮವಿಡೀ ಬಿಡು ಎಂದರೆ ಹೆದರುವ ಮನಸ್ಸು, ನಾಲ್ಕು ತಿಂಗಳು ಬಿಟ್ಟು ನೋಡು ಎಂದರೆ ಒಪ್ಪುತ್ತದೆ.

ಆ ಮನೆಯವರು ಆರಿಸಿಕೊಂಡದ್ದೂ ನಾಲ್ಕು ತಿಂಗಳನ್ನೇ. ಆಷಾಢ ಶುಕ್ಲ ಚತುರ್ದಶಿಯಂದು, ಮುನಿಗಳು ಒಂದೆಡೆ ನೆಲೆನಿಲ್ಲುವ ಚಾತುರ್ಮಾಸದ ಆರಂಭದಲ್ಲಿ, ತಾಯಿ, ಪತ್ನಿ, ಮಗಳು ಸಹಿತ ಕುಳಿತು ಲೆಕ್ಕ ಬರೆದರು. ಯಾರಿಗೆ ಎಷ್ಟು ಕೊಡಬೇಕಿದೆಯೆಂಬುದು ಅಂದು ಮನೆಯ ಎಲ್ಲರಿಗೂ ಮೊದಲ ಬಾರಿ ತಿಳಿಯಿತು. ಮಹಾವೀರ ನಿರ್ವಾಣದ ದಿನವಾದ ದೀಪಾವಳಿಯವರೆಗೆ ತಿಂಗಳ ಖರ್ಚು 26 ಸಾವಿರವೆಂದು ಗೊತ್ತುಮಾಡಿದರು. ಮುದ್ರಣಾಲಯದ ಗಲ್ಲಾಪೆಟ್ಟಿಗೆಯಿಂದ ಬೇಕಾದಾಗ ಹಣ ತೆಗೆಯುವ ಪದ್ಧತಿಯನ್ನು ಕೈಬಿಟ್ಟು, ತಿಂಗಳ ಮೊದಲ ದಿನ ಅಷ್ಟನ್ನೇ ಪತ್ನಿಯ ಕೈಗೆ ಕೊಡುವುದೆಂದಾಯಿತು. ಹೀಗೆ ಅವರು ತಮಗೆ ತಾವೇ ಸಂಬಳ ಕೊಟ್ಟುಕೊಂಡರು. ಮದುವೆಯ ದಿನಗಳಲ್ಲಿ ಹೆಚ್ಚು ಬಂದರೂ ಸಂಬಳ ಏರಕೂಡದು. ಆ ಹೆಚ್ಚಳದಲ್ಲಿ ಬರಲಿರುವ ಬರಿದಾದ ತಿಂಗಳುಗಳಿಗೆ ಮೊದಲ ಪಾಲು, ಉಳಿದದ್ದು ಸಾಲಕ್ಕೆ.

ಇಳಿಸಿದ 12 ಸಾವಿರ ಎಲ್ಲಿಂದ ಬಂತು? ಹೋಟೆಲು ಮತ್ತು ಮನೆಗೆ ತರಿಸುವ ತಿಂಡಿಯಿಂದ 4,500, ಅಷ್ಟಾಗಿ ಬಳಸದ ಎರಡನೆಯ ಬೈಕಿನ ಪೆಟ್ರೋಲು ಮತ್ತು ರಿಪೇರಿಯಿಂದ 2,000, ಬಟ್ಟೆ ಹಾಗೂ ಉಡುಗೊರೆಯಿಂದ 3,000, ಫೋನು ಮತ್ತು ಟಿ.ವಿ. ಚಂದಾಗಳಿಂದ 1,200, ಸಣ್ಣಪುಟ್ಟ ತಿರುಗಾಟದಿಂದ 1,300. ಇವುಗಳಲ್ಲಿ ಮೊದಲನೆಯದು ಗಮನಾರ್ಹ. ಕೆಲಸದ ನೆಪದಲ್ಲಿ ಆ ಮನೆಯಲ್ಲಿ ರಾತ್ರಿಭೋಜನ ತ್ಯಾಗ ಸಡಿಲವಾಗಿತ್ತು. ಚಾತುರ್ಮಾಸದಲ್ಲಿ ಸೂರ್ಯಾಸ್ತಕ್ಕೆ ಮೊದಲು ಬುತ್ತಿ ಮುದ್ರಣಾಲಯಕ್ಕೆ ಹೋಗತೊಡಗಿದಾಗ, ಹೊತ್ತು ಮೀರಿ ಹೊರಗೆ ತಿನ್ನುವ ಅಭ್ಯಾಸ ತಾನಾಗಿಯೇ ನಿಂತಿತು. ಅಹಿಂಸೆಗಾಗಿ ವಿಧಿಸಿದ ನಿಯಮವೊಂದು ಸಾಲಕ್ಕೂ ಔಷಧವಾಯಿತು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ನಿಷ್ಪ್ರಯೋಜಕ ಪಾಪಗಳಿಂದ ದೂರವಿರುವ ಅನರ್ಥದಂಡ ವ್ರತದ ಕೊನೆಯ ಅತಿಚಾರವೆಂದರೆ ಅಗತ್ಯಕ್ಕಿಂತ ಹೆಚ್ಚಿನ ಭೋಗವಸ್ತುಗಳನ್ನು ಕೂಡಿಹಾಕುವುದು. ಒಂದು ಕೊಂಡರೆ ಒಂದು ಉಚಿತವೆಂದು ತಂದ ಸಾಬೂನು, ತೊಡದೆ ಮಡಚಿಟ್ಟ ಸೀರೆ, ಕೆಡುವವರೆಗೆ ಡಬ್ಬಿಯಲ್ಲಿ ಉಳಿಯುವ ಹಿಟ್ಟು, ಎಲ್ಲವೂ ಈ ಅತಿಚಾರದ ವ್ಯಾಪ್ತಿಗೇ ಸೇರುತ್ತವೆ. ಹುಳು ಬಿದ್ದ ಹಿಟ್ಟನ್ನು ಚೆಲ್ಲುವಾಗ ಹಣವೊಂದೇ ಹೋಗುವುದಿಲ್ಲ, ಜೀವಗಳೂ ಹೋಗುತ್ತವೆ.

ಕಡಿತವು ಎಲ್ಲಿ ನಿಲ್ಲಬೇಕೆಂಬುದಕ್ಕೂ ಅದೇ ಅಧ್ಯಾಯದಲ್ಲಿ ಉತ್ತರವಿದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎರಡು, ಶಕ್ತಿ ಮೀರಿದ ಭಾರವನ್ನು ಹೊರಿಸುವುದು ಮತ್ತು ಅನ್ನಪಾನಗಳನ್ನು ತಡೆಯುವುದು. ಸಾಲದಲ್ಲಿರುವ ಮಾಲೀಕನಿಗೆ ಮೊದಲು ಕಾಣುವುದು ಆಳಿನ ಸಂಬಳವೇ. ಕಾಗದ ಕತ್ತರಿಸುವ ಹುಡುಗನಿಗೆ ಸಾವಿರ ಕಡಿಮೆ ಕೊಟ್ಟು ಎರಡು ತಾಸು ಹೆಚ್ಚು ದುಡಿಸಿದರೆ ಆಯಿತೆಂಬ ಯೋಚನೆ ಆ ಗೃಹಸ್ಥರಿಗೂ ಬಂದಿತ್ತು. ಹಾಗೆ ಮಾಡಿದ್ದರೆ ಸಾಲ ತೀರುತ್ತಿರಲಿಲ್ಲ, ಬಡವನ ಮನೆಗೆ ವರ್ಗವಾಗುತ್ತಿತ್ತು ಅಷ್ಟೇ. ಆ ಹುಡುಗನ ಸಂಬಳ, ತಾಯಿಯ ಔಷಧ, ಮಗಳ ಶಾಲೆಯ ಶುಲ್ಕ, ಮನೆಗೆ ಬಂದ ಅತಿಥಿಯ ಊಟ, ಈ ನಾಲ್ಕನ್ನು ಮುಟ್ಟುವುದಿಲ್ಲವೆಂದು ಪಟ್ಟಿಯ ಕೆಳಗೆ ಬರೆದರು.

ಕಠಿಣ ಪರೀಕ್ಷೆ ಬಂದದ್ದು ಕಾಗದದ ಅಂಗಡಿಯಲ್ಲಿ. ತಪ್ಪಿಸಿಕೊಂಡು ತಿರುಗುತ್ತಿದ್ದ ಓಣಿಗೆ ಒಂದು ಬೆಳಗ್ಗೆ ಅವರೇ ಹೋದರು. ವ್ಯಾಪಾರಿಯು ಖಾತೆ ತೆರೆದು 60,000 ಎಂದರು. ಗೃಹಸ್ಥರು ಒಯ್ದಿದ್ದ ಬಿಲ್ಲುಗಳನ್ನು ಕೂಡಿಸಿದಾಗ 68,400 ಆಗುತ್ತಿತ್ತು. ಜಾತ್ರೆಯ ಹೊತ್ತಿನ ಒಂದು ಬಿಲ್ಲು ಖಾತೆಗೆ ಏರಿರಲೇ ಇಲ್ಲ. ತಮ್ಮ ಪುಸ್ತಕದಲ್ಲಿಯೂ ಅದನ್ನು ಅವರು ಬರೆದಿರಲಿಲ್ಲ. ಸುಮ್ಮನಿದ್ದರೆ 8,400 ರೂಪಾಯಿ ಉಳಿಯುತ್ತಿತ್ತು, ಕೇಳುವವರೂ ಇರಲಿಲ್ಲ. ಆದರೆ ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ: ನಂಬಿ ಇಟ್ಟವನು ಮರೆತು ಕಡಿಮೆ ಕೇಳಿದಾಗ, ಅಷ್ಟೇ ಎಂದು ಒಪ್ಪಿ ಮಿಕ್ಕದ್ದನ್ನು ಉಳಿಸಿಕೊಳ್ಳುವುದು. ಉದ್ರಿಯೂ ಒಂದು ಬಗೆಯಲ್ಲಿ ನಂಬಿ ಇಟ್ಟ ಸೊತ್ತೇ. ಅವರು ಬಿಲ್ಲನ್ನು ಮುಂದಿಟ್ಟರು. ತಿಂಗಳಿಗೆ 3,000ದಂತೆ ಕೊಡುವೆನೆಂದೂ, ಅದಕ್ಕಿಂತ ಹೆಚ್ಚು ತಮ್ಮಿಂದಾಗದೆಂದೂ ಹೇಳಿದರು. ವ್ಯಾಪಾರಿಯು ಹೊಗಳಲಿಲ್ಲ, ಬಿಲ್ಲನ್ನು ಖಾತೆಗೆ ಏರಿಸಿ, “ತಾರೀಖು ತಪ್ಪಿಸಬ್ಯಾಡ್ರಿ” ಎಂದರು. ಅಂದು ಸಾಲ ಹೆಚ್ಚಾಯಿತು. ಸುತ್ತು ದಾರಿ ಮಾತ್ರ ಅಂದಿಗೇ ಕೊನೆಯಾಯಿತು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಅಭಿಷೇಕದ ಕಲಶಕ್ಕೆ ಸವಾಲು ಕೂಗುವಾಗ ಪ್ರತಿವರ್ಷ ಅವರ ದನಿಯೂ ಇರುತ್ತಿತ್ತು. ಹಿಂದಿನ ವರ್ಷ ಕೂಗಿ ಹಿಡಿದ ಕಲಶದ ಹಣವೂ ಕಾರ್ಡಿನ ಸಾಲದಿಂದಲೇ ಹೋಗಿತ್ತು. ಧರ್ಮಕಾರ್ಯಕ್ಕೆ ಮಾಡಿದ ಸಾಲ ಸಾಲವಲ್ಲವೆಂಬ ಭ್ರಮೆ ನಮ್ಮ ಅನೇಕ ಮನೆಗಳಲ್ಲಿದೆ. ಆದರೆ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಗೃಹಸ್ಥನಿಗೆ ಹೇಳಿದ 35 ಗುಣಗಳಲ್ಲಿ ಮೊದಲನೆಯದು ನ್ಯಾಯದಿಂದ ಗಳಿಸಿದ ಸಂಪತ್ತು. ಆದಾಯಕ್ಕೆ ಅನುಗುಣವಾದ ವ್ಯಯವೂ ಆ ಗುಣಗಳಲ್ಲೊಂದು. ಇನ್ನೊಬ್ಬರಿಗೆ ಸಲ್ಲಬೇಕಾದ ಹಣದಿಂದ ಮಾಡಿದ ದಾನದಲ್ಲಿ ತ್ಯಾಗವೆಲ್ಲಿದೆ? ಆ ವರ್ಷ ಅವರು ಸವಾಲಿನಲ್ಲಿ ದನಿ ಎತ್ತದೆ ಹಿಂದೆ ನಿಂತು ಅಭಿಷೇಕ ನೋಡಿದರು. ಕೆಲವರು ತಿರುಗಿ ನೋಡಿದರು. ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಐತಿಹ್ಯವನ್ನು ಇಂಥ ವೇಳೆ ನೆನೆಯಬೇಕು. ಚಾವುಂಡರಾಯನ ಕೊಡಗಟ್ಟಲೆ ಹಾಲು ಬಾಹುಬಲಿಯ ಪಾದವನ್ನು ತಲುಪದಿದ್ದಾಗ, ಆಕೆಯ ಪುಟ್ಟ ಗುಳ್ಳಕಾಯಿಯಷ್ಟು ಹಾಲು ತಲುಪಿತಂತೆ. ಆ ಹಾಲು ಅವಳ ಸ್ವಂತದ್ದಾಗಿತ್ತು.

ಮುಂದಿನ ದಾರಿ ನೇರವಾಗಿರಲಿಲ್ಲ. ಬೈಕು ಮಾರಿ ಬಂದ 32 ಸಾವಿರ ಕಾರ್ಡಿನ ಸಾಲಕ್ಕೆ ಹೋಯಿತು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯ ಬಡ್ಡಿಯೆಂದರೆ 70,000ಕ್ಕೆ 2,100. ಅಸಲು ಅಲುಗದೆ ಹಣ ಕರಗುವ ಜಾಗ ಅದು. ಆದ್ದರಿಂದ ಅದೇ ಮೊದಲು ತೀರಬೇಕಿತ್ತು. ಮೂರನೆಯ ತಿಂಗಳಲ್ಲಿ ಬಂಧುವೊಬ್ಬರ ಮನೆಯ ಕಾರ್ಯಕ್ಕೆ ಖರ್ಚು ಮೇರೆ ಮೀರಿತು. ಹಿಂದಿನ ಎರಡು ಪ್ರಯತ್ನಗಳು ಮುರಿದದ್ದು ಇಂಥ ತಿರುವಿನಲ್ಲಿಯೇ, ಒಮ್ಮೆ ತಪ್ಪಿತು, ಇನ್ನೇಕೆ ಎಂಬ ನಿರಾಶೆಯಿಂದ. ಆದರೆ ಶಾಸ್ತ್ರವು ವ್ರತಕ್ಕೆ ತಗುಲುವ ದೋಷವಾದ ಅತಿಚಾರವನ್ನೂ ವ್ರತವನ್ನೇ ಕೈಬಿಡುವ ಅನಾಚಾರವನ್ನೂ ಒಂದೇ ಎಂದು ಎಣಿಸುವುದಿಲ್ಲ. ದೋಷಕ್ಕೆ ಪ್ರತಿಕ್ರಮಣವಿದೆ. ಮೀರಿದ 2,300 ರೂಪಾಯಿಯನ್ನು ಪತ್ನಿಯು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಮುಂದಿನ ಎರಡು ತಿಂಗಳಲ್ಲಿ ಸರಿತೂಗಿಸಿದರು.

ದೀಪಾವಳಿಯಂದು ನಿಯಮದ ಅವಧಿ ಮುಗಿಯಿತು. ಮನೆಯವರೆಲ್ಲ ಕುಳಿತು ಅದನ್ನು ಮತ್ತೆ ಆರು ತಿಂಗಳಿಗೆ ಮುಂದುವರಿಸಿದರು, ಆಮೇಲೆ ಮತ್ತೆ ಆರು. ಖರ್ಚು 38ರಿಂದ 26 ಸಾವಿರಕ್ಕೆ ಇಳಿದಾಗ ಏಳು ಸಾವಿರದ ಕೊರತೆಯಿದ್ದ ವರ್ಷದಲ್ಲಿಯೇ 1,37,000 ರೂಪಾಯಿ ಸಾಲಕ್ಕೆ ಸಿಕ್ಕಿತು. ಗಳಿಕೆ ಒಂದು ರೂಪಾಯಿಯೂ ಹೆಚ್ಚಿರಲಿಲ್ಲ. ಕಾಗದದ ವ್ಯಾಪಾರಿಗೆ ಇಪ್ಪತ್ತಮೂರನೆಯ ಕಂತು ಮುಟ್ಟಿ ಆ ಖಾತೆ ಮುಗಿಯಿತು. ಎರಡೂವರೆ ವರ್ಷದ ಹೊತ್ತಿಗೆ, ಯಂತ್ರದ ಕಂತೊಂದನ್ನು ಬಿಟ್ಟು, ಬೇರೆ ಋಣವಿರಲಿಲ್ಲ.

ಸಾಲ ತೀರಿದ ಮೇಲೆ ಇನ್ನೊಂದು ಅಪಾಯ ಕಾದಿರುತ್ತದೆ. ಪರಿಗ್ರಹದ ದೋಷಕ್ಕೆ ಸಮಂತಭದ್ರರು ಹೆಸರಿಸಿದ ದೃಷ್ಟಾಂತ ಶ್ಮಶ್ರುನವನೀತನದು. ಅವನು ದುಂದುಗಾರನಲ್ಲ, ಪರಮ ಮಿತವ್ಯಯಿ. ವ್ಯಾಖ್ಯಾನಕಾರರು ಹೇಳುವಂತೆ, ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನೇ ಬಿಡದೆ ಕೂಡಿಸಿ ಗಡಿಗೆ ತುಪ್ಪ ಮಾಡಿದವನು. ಚಳಿಯ ರಾತ್ರಿ ಬೆಂಕಿಯ ಬಳಿ ಮಲಗಿ, ಆ ತುಪ್ಪ ಮಾರಿ ವ್ಯಾಪಾರಿಯಾಗಿ, ಸಾಮಂತನಾಗಿ, ಚಕ್ರವರ್ತಿಯಾಗುವ ಕನಸು ಕಟ್ಟಿದ. ಕನಸಿನ ರಾಣಿಯನ್ನು ಕಾಲಿನಿಂದ ಒದ್ದಾಗ ತುಪ್ಪದ ಗಡಿಗೆ ಬೆಂಕಿಗೆ ಬಿತ್ತು, ಮನೆಯೊಂದಿಗೆ ಅವನೂ ಸುಟ್ಟುಹೋದ. ಪರಿಗ್ರಹವು ವಸ್ತುವಿನಲ್ಲಿಲ್ಲ, ಮಮತೆಯಲ್ಲಿದೆಯೆಂಬ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ. ಖರ್ಚು ತಗ್ಗಿಸಿ ಉಳಿಸಿದ ಹಣ ಋಣವನ್ನು ತೀರಿಸಿದರೆ ಅದು ಧರ್ಮ. ಉಳಿಸುವುದೇ ಚಟವಾದರೆ ಅದು ಮತ್ತೊಂದು ಬಂಧನ.

ಅಡವಿನಿಂದ ಮರಳಿದ ಬಳೆಗಳನ್ನು ಮಗ ತಂದು ಮುಂದಿಟ್ಟಾಗ, ತಾಯಿ ಅವುಗಳನ್ನು ತೊಡಲಿಲ್ಲ, ಮೊಮ್ಮಗಳ ಓದಿಗೆಂದು ಸೊಸೆಯ ಕೈಗೆ ಕೊಟ್ಟರು. ಬಳಿಕ ಖರ್ಚಿನ ಪುಸ್ತಕವನ್ನು ತರಿಸಿ, 26 ಸಾವಿರದ ಮೇರೆಯಲ್ಲಿ ಈಗ ಎಷ್ಟು ಸಡಿಲಿಸಬೇಕೆಂದು ಕೇಳಿದರು. ಮನೆಯವರು ಎರಡು ಸಾವಿರ ಹೆಚ್ಚಿಸಿದರು. ಅದರಲ್ಲಿ ಒಂದು ಸಾವಿರ ಪ್ರತಿ ತಿಂಗಳ ಔಷಧದಾನಕ್ಕೆ.