ಗಪ್ಪಿ ಮೀನು: ಗಂಡು ಯಾವುದು, ಹೆಣ್ಣು ಯಾವುದು?



ಹಸು ಕರು ಹಾಕಿದ ಕೂಡಲೇ ಬಾಲ ಎತ್ತಿ ನೋಡಿ, ಹೆಣ್ಣುಗರುವೋ ಗಂಡುಗರುವೋ ಎಂದು ಹೇಳಿಬಿಡುತ್ತೀರಿ. ಕೊಟ್ಟಿಗೆ ಪಕ್ಕದ ನೀರಿನ ತೊಟ್ಟಿಗೆ ಬಿಡುವ ಗಪ್ಪಿ ಮೀನನ್ನು ಮಾತ್ರ ಹಾಗೆ ನೋಡುವವರು ಕಡಿಮೆ. ನೋಡದೆ ಬಿಟ್ಟರೆ ಪಟ್ಟ ಶ್ರಮ ವ್ಯರ್ಥವಾಗುತ್ತದೆ.

ನಾಗಮಂಗಲ, ಕೆ.ಆರ್.ಪೇಟೆ ತಾಲ್ಲೂಕುಗಳ ಮಳೆಯಾಶ್ರಿತ ಹಳ್ಳಿಗಳಲ್ಲಿ ದನಕರುಗಳಿಗಾಗಿ ನೀರು ಕೂಡಿಡುವುದು ಅನಿವಾರ್ಯ. ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನಲ್ಲಿ ನೀರು ನಿಲ್ಲುವ ತಾಣಗಳಿಗೆ ಕೊರತೆಯಿಲ್ಲ. ಡೆಂಗ್ಯೂ ಹರಡುವ ಸೊಳ್ಳೆ ಮನೆಯ ಸುತ್ತ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಗಪ್ಪಿ ಮೀನು ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ತಡೆಗೆ ಇದನ್ನು ಬಾವಿಗಳಿಗೆ ಬಿಡಲಾಗಿತ್ತು.

ಮೀನು ತರುವಾಗ ಚೆಂದ ಕಂಡ ಬಣ್ಣದವನ್ನೇ ಆರಿಸುವುದು ಸಾಮಾನ್ಯ ತಪ್ಪು. ಅವೆಲ್ಲ ಗಂಡು. ಮರಿಯಾಗದೆ ಒಂದೆರಡು ವರ್ಷದಲ್ಲಿ ಮುಗಿದುಹೋಗುತ್ತವೆ. ಸೊಳ್ಳೆ ಮತ್ತೆ ಬರುತ್ತದೆ. ಮೇಲಾಗಿ, ಗಾತ್ರದಲ್ಲಿ ದೊಡ್ಡದಾದ ಹೆಣ್ಣೇ ಸೊಳ್ಳೆ ಮರಿಗಳನ್ನು ಹೆಚ್ಚು ತಿನ್ನುತ್ತದೆ.

ಗುರುತಿಸುವ ಬಗೆ

ಮೀನನ್ನು ನೀರು ತುಂಬಿದ ಗಾಜಿನ ಲೋಟಕ್ಕೆ ಹಾಕಿ, ಪಕ್ಕದಿಂದ ನೋಡಿರಿ.

1. ಗಾತ್ರ: ಗಂಡು ಸುಮಾರು 3 ಸೆಂ.ಮೀ., ತೆಳು ಮೈ. ಹೆಣ್ಣು 5-6 ಸೆಂ.ಮೀ.ವರೆಗೆ ಬೆಳೆಯುತ್ತದೆ, ಹೊಟ್ಟೆ ದುಂಡಗೆ.

2. ಬಣ್ಣ: ಗಂಡಿಗೆ ಬಣ್ಣದ ಚುಕ್ಕೆ, ಅಗಲ ಬಾಲ. ಹೆಣ್ಣು ಸಾಮಾನ್ಯವಾಗಿ ಬೂದು ಬಣ್ಣದ್ದು.

3. ಕೆಳರೆಕ್ಕೆ: ಹೊಟ್ಟೆಯ ಹಿಂದೆ, ಬಾಲದ ಕಡೆಗಿರುವ ರೆಕ್ಕೆ ಗಂಡಿನಲ್ಲಿ ಕಡ್ಡಿಯಂತೆ ಚೂಪಾಗಿ ಹಿಂದಕ್ಕೆ ಚಾಚಿರುತ್ತದೆ, ಹೆಣ್ಣಿನಲ್ಲಿ ಬೀಸಣಿಗೆಯಂತೆ ಅಗಲ. ಇದೇ ಖಚಿತ ಗುರುತು. ಬಣ್ಣವಿಲ್ಲದ ಗಂಬೂಸಿಯಾ ಮೀನಿಗೂ ಇದು ಅನ್ವಯಿಸುತ್ತದೆ.

4. ಗಬ್ಬದ ಮಚ್ಚೆ: ಹೆಣ್ಣಿನ ಕೆಳರೆಕ್ಕೆಯ ಮುಂದೆ ಕಪ್ಪು ಮಚ್ಚೆಯಿದ್ದು, ಮರಿ ಹಾಕುವ ಕಾಲ ಬಂದಾಗ ಗಾಢವಾಗುತ್ತದೆ.

ತಿಂಗಳೊಳಗಿನ ಮರಿಗಳೆಲ್ಲ ಹೆಣ್ಣಿನಂತೆಯೇ ಕಾಣುವುದರಿಂದ ಬೆಳೆದ ಮೀನನ್ನೇ ನೋಡಿ ಆರಿಸಿರಿ.

ಎಷ್ಟು ಬಿಡಬೇಕು?

ಒಂದು ಗಂಡಿಗೆ ಎರಡು-ಮೂರು ಹೆಣ್ಣು ಸಾಕು. ಗಪ್ಪಿ ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ, ಅದೂ ಸುಮಾರು ತಿಂಗಳಿಗೊಮ್ಮೆ. ಹೆಣ್ಣು ಒಮ್ಮೆ ಕೂಡಿದ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಉಳಿಸಿಕೊಂಡು ಹಲವು ಸೂಲು ಮರಿ ಹಾಕಬಲ್ಲದು. ದೊಡ್ಡ ಮೀನು ಮರಿಗಳನ್ನು ತಿನ್ನುವುದರಿಂದ ತೊಟ್ಟಿಯಲ್ಲಿ ಸ್ವಲ್ಪ ನೀರು ಗಿಡವಿರಲಿ.

ಎಚ್ಚರಿಕೆಗಳು

* ದನ ಕುಡಿಯುವ ಸಣ್ಣ ತೊಟ್ಟಿಗೆ ಮೀನು ಬೇಡ. ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ ಒಣಗಿಸಿರಿ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಮಾತ್ರ ಮೀನು ಬಿಡಿರಿ.

* ಸುಣ್ಣ ಬಳಿಯುವ ಮೊದಲು ಮೀನನ್ನು ಬೇರೆ ನೀರಿಗೆ ಸಾಗಿಸಿರಿ.

* ಉಣ್ಣೆಗೆ ಸಿಂಪಡಿಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮೀನಿಗೆ ಘೋರ ವಿಷ. ತೊಟ್ಟಿಯ ಬಳಿ ಸಿಂಪಡಿಸಬೇಡಿರಿ, ಡಬ್ಬಿ ತೊಳೆಯಬೇಡಿರಿ.

* ಗಪ್ಪಿ ನಮ್ಮ ನಾಡಿನ ಮೀನಲ್ಲ. ಕೆರೆ, ನಾಲೆ, ಕಾವೇರಿ ನದಿಗೆ ಬಿಟ್ಟರೆ ನಾಡಮೀನುಗಳಿಗೆ ಕಂಟಕ. 2022ರಲ್ಲಿ ರಾಮ್ಸರ್ ತಾಣವಾದ ರಂಗನತಿಟ್ಟು ನಮ್ಮ ಮಗ್ಗುಲಲ್ಲೇ ಇದೆ ಎಂಬುದು ನೆನಪಿರಲಿ.

ಮೀನಿಗಾಗಿ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಮನೆಯಲ್ಲಿ ಒಬ್ಬರು ಜ್ವರದಿಂದ ಮಲಗಿದರೆ ಹಾಲು ಕರೆಯುವುದೂ, ಮೇವು ತರುವುದೂ ನಿಲ್ಲುತ್ತದೆ. ಲೋಟದಲ್ಲಿಟ್ಟು ಒಂದು ನಿಮಿಷ ನೋಡುವುದರಿಂದ ಅದನ್ನು ತಪ್ಪಿಸಲು ಸಾಧ್ಯವಾದರೆ ಅದೇ ಲಾಭ.